ಚಳಿಗಾಲದಲ್ಲಿ ಆಫೀಸಿಗೆ ಸೈಕಲ್: ಕಾಲ್ಬೆರಳು ಮರಗಟ್ತಿದೆ, ಶೂ ಬದಲಾಯಿಸ್ಲಾ ಪೆಡಲ್ ಬದಲಾಯಿಸ್ಲಾ?

ಹಾಸನದವನು (ಟೊರಾಂಟೊ)

ಎಲ್ರಿಗೂ ನಮಸ್ಕಾರ. ಟೊರಾಂಟೊಗೆ ಬಂದ್ಮೇಲೆ ಇದು ನನ್ನ ಎರಡನೇ ಚಳಿಗಾಲ. ಹೋದ್ವರ್ಷ ನವೆಂಬರ್ ಬರ್ತಿದ್ದಂಗೆ ಸೈಕಲ್ ಮೂಲೆಗಿಟ್ಟು ಬಸ್ ಹಿಡಿದಿದ್ದೆ, ಈ ಸಲ ಹಂಗೆ ಮಾಡಬಾರ್ದು ಅಂತ ಗಟ್ಟಿ ಮನಸ್ಸು ಮಾಡಿದೀನಿ. ಮನೆ ಹಂಬರ್ ಬೇ ಹತ್ರ, ಆಫೀಸು ಸ್ಪಡೈನಾ ಕಡೆ, ಮಾರ್ಟಿನ್ ಗುಡ್‌ಮನ್ ಟ್ರೇಲ್ ಹಿಡ್ಕೊಂಡು ಲೇಕ್ ದಡದಲ್ಲೇ ಹೋದ್ರೆ ಹತ್ತತ್ರ 9 ಕಿಲೋಮೀಟರ್, ಮೂವತ್ತು ಮೂವತ್ತೈದು ನಿಮಿಷದ ದಾರಿ.

ಮೈ ಬೆಚ್ಚಗೇ ಇರತ್ತೆ, ಬೆನ್ನಲ್ಲಿ ಬೆವರೂ ಬರತ್ತೆ, ಕೈಗೆ ಒಳ್ಳೆ ಗ್ಲೌಸ್ ಇದೆ. ತೊಂದ್ರೆ ಇರೋದು ಕಾಲ್ಬೆರಳಲ್ಲಿ. ಹದಿನೈದು ನಿಮಿಷಕ್ಕೆ ಜೋಮು ಹಿಡಿಯತ್ತೆ, ಲೇಕ್ ಗಾಳಿ ಎದುರಿಗೆ ಬೀಸಿದ್ರೆ ಅದಕ್ಕೂ ಮುಂಚೆ, ಆಮೇಲೆ ಬೆರಳು ಇದಾವೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಮೊನ್ನೆ ಸೋಮವಾರ ಮೈನಸ್ 6 ಇತ್ತು, ಆಫೀಸಿಗೆ ಹೋಗಿ ಶೂ ಬಿಚ್ಚಿ ನೋಡ್ತೀನಿ, ಎರಡು ಕಾಲಿನ ಕಿರುಬೆರಳೂ ಮೇಣದಬತ್ತಿ ತರ ಬೆಳ್ಳಗಾಗಿದೆ. ಗಾಬರಿ ಆಗಿ ಬಾತ್‌ರೂಮಲ್ಲಿ ಬಿಸಿನೀರು ಬಿಟ್ಕೊಂಡೆ, ಎರಡು ನಿಮಿಷ ಏನೂ ಇಲ್ಲ, ಆಮೇಲೆ ಶುರುವಾಯ್ತು ನೋಡಿ ಉರಿ, ಕೆಂಡದ ಮೇಲೆ ಕಾಲಿಟ್ಟಂಗೆ, ಕಣ್ಣಲ್ಲಿ ನೀರು ಬಂತು.

ಈಗ ಇರೋದು ಬೇಸಿಗೇಲಿ ತಗೊಂಡ ಕ್ಲಿಪ್ ಪೆಡಲ್ (ಶೂ ತಳಕ್ಕೆ ಎರಡು ಬೋಲ್ಟಲ್ಲಿ ಕೂರಿಸಿರೋ ಕ್ಲೀಟ್ ಅನ್ನೋ ಲೋಹದ ತುಂಡು ಪೆಡಲಿಗೆ ಕಚ್ಕೊಳ್ಳತ್ತೆ, ಹಿಮ್ಮಡಿ ಹೊರಗೆ ತಿರುಗಿಸಿದ್ರೆ ಬಿಡತ್ತೆ), ಅದರ ಜೊತೆ ಮುಂದೆಲ್ಲ ಜಾಲರಿ ಇರೋ ಸೈಕ್ಲಿಂಗ್ ಶೂ, ಒಳಗೆ ಎರಡು ಜೊತೆ ಕಾಟನ್ ಸಾಕ್ಸ್. ಚಳಿಗಾಲದ ಕ್ಲೀಟ್ ಬೂಟ್ ನೋಡಿದ್ರೆ 300 ಡಾಲರ್ ಮೇಲೆ ಹೇಳ್ತಾರೆ, ನನ್ನ ಹತ್ರ ಇರೋದು 150. ಬೂಟಿಗೆ ಕೂಡಿಡ್ಲಾ, ಇಲ್ಲಾ ಪೆಡಲ್ ಬಿಚ್ಚಿ ಸಾದಾ ಪೆಡಲ್ ಹಾಕ್ಕೊಂಡು ಮಾಮೂಲಿ ಚಳಿ ಬೂಟಲ್ಲಿ ಓಡಿಸ್ಲಾ? ವರ್ಷಗಟ್ಟಲೆ ಚಳೀಲಿ ಸೈಕಲ್ ಹೊಡೆದಿರೋರು ದಯವಿಟ್ಟು ಹೇಳಿ.

ಗದಗಿನ ಸವಾರ (ಮಿನಿಯಾಪೊಲಿಸ್)

ತಮ್ಮಾ, ಮೊದಲ ಆ ಎರಡನೇ ಜೋಡಿ ಸಾಕ್ಸ್ ತಗಿ. ಉಳಿದಿದ್ದು ಆಮ್ಯಾಲೆ ಮಾತಾಡೂಣು.

ನಾ ಇಲ್ಲಿ 11 ವರ್ಷದಿಂದ ಅದೀನಿ, ಮಿಡ್‌ಟೌನ್ ಗ್ರೀನ್‌ವೇ ಅಂತ ಹಳೇ ರೈಲ್ವೆ ಹಾದಿ ಐತಿ, ಐದೂವರೆ ಮೈಲು, ರೋಡಿಗಿಂತ ತಗ್ಗಿನ್ಯಾಗ ಹೋಗ್ತೈತಿ, ಹಿಮ ಬಿದ್ದ ಮ್ಯಾಲೆ ಹಾದಿ ಸ್ವಚ್ಛ ಮಾಡ್ತಾರ, ದಿನಾ ಅದರಾಗ ಹೋಗಿ ಬರೋದು. ಮೊದಲನೇ ಚಳಿಗಾಲದಾಗ ನಾನೂ ನಿನ್ನಂಗ ಮಾಡಿದ್ದೆ. ಚಳಿ ಆತು ಅಂದ್ರ ಇನ್ನೊಂದು ಸಾಕ್ಸ್, ಇನ್ನೂ ಆತು ಅಂದ್ರ ಮತ್ತೊಂದು, ಕಡೀಕ ಶೂದಾಗ ಕಾಲು ಹೊಕ್ಕರ ಬೆರಳು ಅಲ್ಲಾಡ್ಸಾಕ ಬರ್ತಿರಲಿಲ್ಲ. ಸಾಕ್ಸ್ ಹೆಚ್ಚಾದಷ್ಟೂ ಚಳಿ ಹೆಚ್ಚು! ಯಾಕಂದ್ರ ಬೆಚ್ಚಗ ಇಡೋದು ಸಾಕ್ಸಿನ ಬಟ್ಟಿ ಅಲ್ಲ, ಅದರ ನಡುವೆ ನಿಂತ ಗಾಳಿ. ಬಿಗಿ ಆತು ಅಂದ್ರ ಗಾಳಿ ಹೋತು, ಮ್ಯಾಲಿಂದ ರಕ್ತ ಬರೋದೂ ಕಡಿಮಿ ಆತು. ಬೆರಳಿಗೆ ಬಿಸಿ ತರೋದು ರಕ್ತ, ಶೂ ಅಲ್ಲ. ಶೂ ಬರೇ ಬಂದ ಬಿಸಿ ಹಿಡಿದಿಡ್ತೈತಿ.

ಕಾಟನ್ ಅಂತೂ ಬ್ಯಾಡೇ ಬ್ಯಾಡ. ಬೆವರು ಹೀರ್ಕೊಂಡು ಒದ್ದಿ ಆಗಿ ಕುಂದರ್ತೈತಿ, ಒಣಗೂದಿಲ್ಲ. ಉಣ್ಣಿ ಸಾಕ್ಸ್ ಒಂದ ಒಂದು ಜೋಡಿ, ಮೆರಿನೊ ಕುರಿ ಉಣ್ಣಿ ಇದ್ರ ಚೊಲೊ. ಶೂದಾಗ ಬೆರಳು ಹಾರ್ಮೋನಿಯಂ ಬಾರಿಸಿದಂಗ ಆಡ್ಬೇಕು, ಅಷ್ಟು ಜಾಗ ಇರ್ಬೇಕು.

ಪೆಡಲ್ ವಿಚಾರ: ನಾ ಸಾದಾ ಪೆಡಲ್ ಕಡೆ. ಪ್ಲಾಸ್ಟಿಕ್ ನೈಲಾನಿನ ಅಗಲ ಪೆಡಲ್, ಮ್ಯಾಲೆ ಸಣ್ಣ ಲೋಹದ ಪಿನ್ ಇರೋದು. 50 ಡಾಲರ್ ಆಸುಪಾಸು ಸಿಗ್ತಾವ. ಉಳಿದ 100ರಾಗ ಬೂಟು ತಗೊ.

ಪುತ್ತೂರಿನ ಅಕ್ಕ (ಎಸ್ಪೊ, ಫಿನ್‌ಲ್ಯಾಂಡ್)

ಇಲ್ಲಿಯ ಜನ ಹೇಗೆ ಮಾಡ್ತಾರೆ ಅಂತ ಹೇಳ್ತೇನೆ. ನಾನು ಹೆಲ್ಸಿಂಕಿ ಪಕ್ಕ ಎಸ್ಪೊದಲ್ಲಿ ಇರುವುದು, ಆಫೀಸಿಗೆ 6 ಕಿಲೋಮೀಟರ್. ಬಂದ ಹೊಸತರಲ್ಲಿ ಚಳಿಗಾಲಕ್ಕೆ ಏನೋ ದೊಡ್ಡ ಸಾಮಾನೆಲ್ಲ ಬೇಕು ಅಂತ ನಾನು ಕೂಡ ಅಂದುಕೊಂಡಿದ್ದೆ ಮಾರಾಯ್ರೆ. ಮತ್ತೆ ನೋಡಿದ್ರೆ ಅರುವತ್ತು ಎಪ್ಪತ್ತು ವರ್ಷದ ಹೆಂಗಸರು ಮೈನಸ್ 15ರಲ್ಲಿ ಹಳೇ ಸೈಕಲ್ಲಲ್ಲಿ ಬುಟ್ಟಿ ಇಟ್ಕೊಂಡು ಅಂಗಡಿಗೆ ಹೋಗ್ತಾರೆ, ಕಾಲಿಗೆ ನಡೀಲಿಕ್ಕೆ ಹಾಕುವ ಅದೇ ಬೂಟು, ಪೆಡಲು ಸೈಕಲ್ ಜೊತೆ ಬಂದದ್ದು. ಉತ್ತರದಲ್ಲಿ ಔಲು ಅಂತ ಊರುಂಟು, 2013ರಲ್ಲಿ ಮೊದಲನೇ ಅಂತರರಾಷ್ಟ್ರೀಯ ಚಳಿಗಾಲದ ಸೈಕ್ಲಿಂಗ್ ಸಮ್ಮೇಳನ ಆದದ್ದೇ ಅಲ್ಲಿ. ಮಕ್ಕಳು ಶಾಲೆಗೆ ಹಿಮದಲ್ಲೇ ಸೈಕಲ್ ಬಿಟ್ಕೊಂಡು ಹೋಗ್ತಾರೆ. ಅಲ್ಲಿ ಕ್ಲೀಟ್ ಹಾಕಿದ ಒಬ್ಬರನ್ನೂ ನಾನು ಕಾಣ್ಲಿಲ್ಲ.

ಇಲ್ಲಿ ಮಕ್ಕಳಿಗೆ ಚಳಿ ಬೂಟು ತೆಗೆಯುವಾಗ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ಕಾಲು ನಿಲ್ಲಿಸಿ ನೋಡ್ತಾರೆ, ಬೆರಳಿನ ಮುಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಖಾಲಿ ಜಾಗ ಇರ್ಬೇಕು. ಇನ್‌ಸೋಲ್ ಹೊರಗೆ ತೆಗೀಲಿಕ್ಕೆ ಬರುವ ಬೂಟನ್ನೇ ತಗೊಳ್ಳಿ, ಯಾಕೆಂದ್ರೆ ರಾತ್ರಿ ಅದನ್ನು ಬೇರೆ ಒಣಗಿಸ್ಬೇಕು. ನನ್ನ ಜೊತೆ ಕೆಲಸ ಮಾಡುವವರ ಅಮ್ಮ ನನಗೆ ಕೈಯಲ್ಲೇ ಹೆಣೆದ ಉಣ್ಣೆ ಸಾಕ್ಸ್ ಕೊಟ್ಟಿದ್ದಾರೆ, ಬೂದು ಬಣ್ಣ, ಮೇಲೆ ಕೆಂಪು ಪಟ್ಟೆ, ನಾಲ್ಕು ವರ್ಷ ಆಯ್ತು, ಹಿಮ್ಮಡಿ ಹತ್ರ ಒಂದ್ಸಲ ಹರಿದು ಹೊಲಿದದ್ದು ಬಿಟ್ರೆ ಈಗಲೂ ಅದೇ ಹಾಕುವುದು. ಅದಕ್ಕೆ ಅಂತಲೇ ಒಂದು ನಂಬರ್ ದೊಡ್ಡ ಬೂಟು ತೆಗೆದೆ.

ಉದ್ದದಾರಿ (ಶಿಕಾಗೊ)

ಎಲ್ರೂ ಸಾದಾ ಪೆಡಲ್ ಅಂತಿದೀರ, ಇನ್ನೊಂದು ಕಡೆ ವಾದಾನೂ ಇರ್ಲಿ ಅಂತ ಬರೀತಿದೀನಿ. ನಾನು ಲೇಕ್‌ಫ್ರಂಟ್ ಟ್ರೇಲಲ್ಲಿ ದಿನಾ ಹೋಗಿ ಬರೋದು ಸೇರಿ 40 ಕಿಲೋಮೀಟರ್ ಹೊಡೀತೀನಿ, ವರ್ಷಪೂರ್ತಿ ಕ್ಲಿಪ್ ಪೆಡಲ್ಲೇ. ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೇಲಿ ಟೈರಿನ ಗೆರೆಗಳು ಕೊರೆದಿರತ್ತಲ್ಲ, ಅದರ ಮೇಲೆ ಸೈಕಲ್ ಗಡಗಡ ಅನ್ನುವಾಗ ಸಾದಾ ಪೆಡಲಿಂದ ಕಾಲು ಜಾರತ್ತೆ, ಪೆಡಲ್ ತಿರುಗಿ ಬಂದು ಮೊಣಕಾಲ ಕೆಳಗೆ ಹೊಡೆಯತ್ತೆ, ನನಗೆ ಆ ಗಾಯದ ಗುರುತು ಇನ್ನೂ ಇದೆ. ಕ್ಲಿಪ್ಪಲ್ಲಿ ಕಾಲು ಇದ್ದಲ್ಲೇ ಇರತ್ತೆ, ಪೆಡಲ್ ತುಳಿಯೋದೂ ನುಣ್ಣಗೆ ಸಮವಾಗಿ ಹೋಗತ್ತೆ, ಜಾರೋ ರಸ್ತೇಲಿ ಹಿಂದಿನ ಚಕ್ರ ಹಿಡಿತ ಬಿಡಲ್ಲ.

ಚಳಿ ಆಗೋದು ಕ್ಲೀಟಿನಿಂದ ಅಲ್ಲ, ಬೇಸಿಗೆ ಶೂನಿಂದ. ಲೇಕ್ ಅಥವಾ 45 ನಾರ್ತ್ ಅನ್ನೋ ತರದ ಕಂಪನಿಗಳ ಚಳಿಗಾಲದ ಕ್ಲೀಟ್ ಬೂಟು ಒಂದ್ಸಲ ತಗೊಂಡ್ರೆ ಆರೇಳು ಚಳಿಗಾಲ ಬರತ್ತೆ, ಲೆಕ್ಕ ಹಾಕಿ ನೋಡಿ. ದುಡ್ಡು ಇಲ್ಲ ಅಂದ್ರೆ ಈಗಿರೋ ಶೂ ಮೇಲೆ ನಿಯೊಪ್ರೀನ್ (ಸ್ಪಂಜಿನಂಥ ರಬ್ಬರ್) ಕವರ್ ಹಾಕಿ, 50-60 ಡಾಲರ್, ಗಾಳಿ ನಿಲ್ಲತ್ತೆ, ಮೈನಸ್ 5ವರೆಗೂ ಸಾಕು.

ಹಾಸನದವನು (ಟೊರಾಂಟೊ)

ಉದ್ದದಾರಿ ಅಣ್ಣ, ನಿಮ್ಮ ಮಾತು ಒಪ್ತೀನಿ, ಬೇಸಿಗೇಲಿ ನನಗೂ ಕ್ಲಿಪ್ ತುಂಬ ಇಷ್ಟ. ಆದ್ರೆ ಹೋದ ವಾರ ಒಂದು ಆಯ್ತು, ಅದನ್ನ ಮೊದಲೇ ಬರೀಬೇಕಿತ್ತು. ರಾತ್ರಿ ಒದ್ದೆ ಹಿಮ ಬಿದ್ದಿತ್ತು, ಮನೆ ಮುಂದೆ ನೂರು ಹೆಜ್ಜೆ ಸೈಕಲ್ ತಳ್ಕೊಂಡು ನಡೆದೆ, ಅಷ್ಟರಲ್ಲಿ ಶೂ ತಳದ ಕ್ಲೀಟ್ ಗುಂಡಿ ಒಳಗೆ ಹಿಮ ತುಂಬಿ ಒತ್ತಿ ಗಟ್ಟಿ ಆಗಿದೆ. ಕಾಲಿಟ್ರೆ ಕ್ಲಿಪ್ ಕೂರ್ತಾನೇ ಇಲ್ಲ, ಪೆಡಲಿಗೆ ನಾಲ್ಕು ಸಲ ಒದ್ದ ಮೇಲೆ ಕಟ್ ಅಂತ ಕೂತ್ಕೊಂತು. ಸ್ಪಡೈನಾ ಹತ್ರ ಬಂದಾಗ ಸಿಗ್ನಲ್ ಕೆಂಪಾಯ್ತು, ಹಿಮ್ಮಡಿ ಹೊರಗೆ ತಿರುಗಿಸ್ತೀನಿ, ಬಿಡ್ತಿಲ್ಲ, ಮತ್ತೆ ತಿರುಗಿಸ್ತೀನಿ, ಬಿಡ್ತಿಲ್ಲ. ನಿಧಾನಕ್ಕೆ ಬಲಗಡೆ ವಾಲಿ ಹಂಗೇ ಬಿದ್ದೆ. ಪಕ್ಕದಲ್ಲೇ ಸ್ಟ್ರೀಟ್‌ಕಾರ್ (ಟ್ರ್ಯಾಮ್) ಹಳಿ. ಹಿಂದೆ ಕಾರು ನಿಂತಿತ್ತು, ಬರ್ತಾ ಇರ್ಲಿಲ್ಲ, ಅಷ್ಟೇ ನನ್ನ ಪುಣ್ಯ. ಮೊಣಕೈ ಇನ್ನೂ ನೋಯ್ತಿದೆ.

ಅವತ್ತಿಂದ ಸಿಗ್ನಲ್ ದೂರದಲ್ಲಿ ಕಂಡ್ರೂ ಎದೆ ಡವಡವ ಅನ್ನತ್ತೆ, ಐವತ್ತು ಮೀಟರ್ ಮುಂಚೇನೇ ಒಂದು ಕಾಲು ಬಿಡಿಸ್ಕೊಂಡು ಹೋಗ್ತಿದೀನಿ.

ಉದ್ದದಾರಿ (ಶಿಕಾಗೊ)

ಅಯ್ಯೋ, ಬಿದ್ದಿದ್ದು ಕೇಳಿ ಬೇಜಾರಾಯ್ತು. ಮೊಣಕೈ ತೋರಿಸ್ಕೊಳ್ಳಿ ಮೊದಲು, ಊತ ಇದ್ರೆ ಎಕ್ಸ್‌ರೇ ತೆಗೆಸಿ.

ಇದಕ್ಕೆ ಕೆಲವು ದಾರಿ ಇದೆ, ಹೊರಡೋ ಮುಂಚೆ ಕ್ಲೀಟಿಗೂ ಪೆಡಲ್ ಸ್ಪ್ರಿಂಗಿಗೂ ಸಿಲಿಕೋನ್ ಸ್ಪ್ರೇ ಹೊಡೆದ್ರೆ ಹಿಮ ಅಂಟೋದು ಕಡಿಮೆ, ಸ್ಪ್ರಿಂಗ್ ಬಿಗಿ ಪೂರ್ತಿ ಸಡಿಲ ಮಾಡಿ, ಶಿಮಾನೊ ಕಂಪನಿದಾದ್ರೆ 51 ನಂಬರಿನ ಕ್ಲೀಟ್ ಬದಲು 56 ನಂಬರಿಂದು ಹಾಕಿದ್ರೆ ಯಾವ ಕಡೆ ಎಳೆದ್ರೂ ಕಾಲು ಬಿಡತ್ತೆ, ಕ್ರ್ಯಾಂಕ್‌ಬ್ರದರ್ಸ್‌ನ ಎಗ್‌ಬೀಟರ್ ತರದ ನಾಲ್ಕು ಮುಖದ ಪೆಡಲಲ್ಲಿ ಹಿಮ ನಿಲ್ಲೋಕೆ ಜಾಗಾನೇ ಕಡಿಮೆ. ಆದ್ರೆ ನಿಜ ಹೇಳ್ತೀನಿ, ನನ್ನ ದಾರೀಲಿ ಸಿಗ್ನಲ್ಲೇ ಇಲ್ಲ, ಲೇಕ್ ಪಕ್ಕದಲ್ಲಿ ಸೀದಾ ಹೋಗ್ತೀನಿ. ಹಳಿ ದಾಟಿ ಸಿಗ್ನಲಲ್ಲಿ ನಿಲ್ಲೋ ದಾರಿ ಆಗಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ.

ಮಲ್ನಾಡ್ ಹುಡುಗಿ (ಟೊರಾಂಟೊ)

ಹಾಸನದವರೇ ನಾವೂ ಇದೇ ಊರಲ್ಲಿರೋದು. ಹಳಿ ವಿಷ್ಯ ಬಂತಲ್ಲ ಅದಕ್ಕೆ ಹೇಳ್ತೀನಿ, ಒದ್ದೆ ಹಳಿ ಮೇಲೆ ರಬ್ಬರ್ ನಿಲ್ಲೋದೇ ಇಲ್ಲ, ಟೈರೂ ಅಷ್ಟೇ ಶೂ ಸೋಲೂ ಅಷ್ಟೇ, ಹಳಿಗೆ ಅಡ್ಡವಾಗಿ ನೇರಕ್ಕೆ ದಾಟಿ, ಸಿಗ್ನಲಲ್ಲಿ ಕಾಲು ಊರುವಾಗ ಹಳಿ ಮೇಲೆ ಊರಬೇಡಿ, ಪಕ್ಕದ ಕಾಂಕ್ರೀಟ್ ಮೇಲೆ ಊರಿ. ಇನ್ನೊಂದು ಹಂಬರ್ ನದಿ ಮೇಲಿನ ಆ ಬಿಳಿ ಕಮಾನಿನ ಸೇತುವೆ, ನೆಲದ ಮೇಲಿನ ದಾರಿ ಬರೀ ಒದ್ದೆ ಇದ್ರೂ ಸೇತುವೆ ಮೇಲೆ ಮಂಜುಗಡ್ಡೆ ಕಟ್ಟಿರತ್ತೆ, ಕೆಳಗಿಂದಾನೂ ಗಾಳಿ ಹೊಡೀತದಲ್ಲ.

ಟೊರಾಂಟೊ ಚಳಿ ಮಿನಿಯಾಪೊಲಿಸ್ ತರ ಅಲ್ಲ ಅನ್ನೋದು ನೆನಪಿಟ್ಕೊಳ್ಳಿ. ಇಲ್ಲಿ ಸುಮಾರು ದಿನ ಸೊನ್ನೆ ಆಚೆ ಈಚೆ ಆಡ್ತಿರತ್ತೆ, ರಸ್ತೆಗೆ ಉಪ್ಪು ಸುರಿದಿರ್ತಾರೆ, ಹಿಮ ಕರಗಿ ಕಂದು ಬಣ್ಣದ ರಾಡಿ ಆಗಿರತ್ತೆ. ಮೈನಸ್ 15ರ ಒಣ ಚಳಿಗಿಂತ ಪ್ಲಸ್ 1ರ ಈ ರಾಡೀನೇ ನನ್ನ ಕಾಲಿಗೆ ಜಾಸ್ತಿ ಹಿಂಸೆ ಕೊಟ್ಟಿದ್ದು. ಕಾಲು ಒದ್ದೆ ಆಯ್ತು ಅಂದ್ರೆ ಎಂಥ ಸಾಕ್ಸ್ ಇದ್ರೂ ಮುಗೀತು.

ಅದಕ್ಕೆ ಶೂ ತಗೊಳ್ಳೋ ಮುಂಚೆ ಮುಂದಿನ ಮಡ್‌ಗಾರ್ಡ್ ನೋಡಿ. ಕಾಲಿಗೆ ನೀರು ಬರೋದು ಮೇಲಿಂದ ಅಲ್ಲ, ಮುಂದಿನ ಚಕ್ರ ಎರಚೋದು, ಸೀದಾ ಬೆರಳ ಮೇಲೆ. ನಮ್ಮೆಜಮಾನ್ರು ಖಾಲಿ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ ಅಂಗೈ ಅಗಲದ ತುಂಡು ಮಾಡಿ ಮಡ್‌ಗಾರ್ಡ್ ತುದೀಲಿ ಎರಡು ತೂತು ಕೊರೆದು ಟ್ಯಾಗ್ ಹಾಕಿ ಬಿಗಿದ್ರು, ನೆಲದಿಂದ ಒಂದು ಗೇಣು ಮೇಲಿರೋ ಹಂಗೆ. ಅದಕ್ಕೂ ಮುಂಚೆ ದಿನಾ ಶೂ ಮೂತಿ ತೊಯ್ದು ಉಪ್ಪಿನ ಬಿಳಿ ಗೆರೆ ಕೂರ್ತಿತ್ತು, ಆಮೇಲೆ ಇಲ್ಲ. ಒಂದು ಪೈಸೆ ಖರ್ಚಿಲ್ಲದ ಕೆಲ್ಸ.

ಗದಗಿನ ಸವಾರ (ಮಿನಿಯಾಪೊಲಿಸ್)

ತಂಗಿ ಹೇಳಿದ ಮಾತು ಖರೇ. ಒಣ ಚಳಿ ತಡಕೋಬಹುದು.

ಗಾಳಿ ಲೆಕ್ಕ ಒಂದು ಹೇಳ್ತೀನಿ. ಹೊರಗ ಮೈನಸ್ 10 ಐತಿ, ಗಾಳಿ ಇಲ್ಲ ಅಂತ ಅನ್ಕೊ. ನೀ ತಾಸಿಗೆ 20 ಕಿಲೋಮೀಟರ್ ವೇಗದಾಗ ಹೊಂಟಿ ಅಂದ್ರ ಮೈಗೆ ಬಡಿಯೋದು ಮೈನಸ್ 18ರಷ್ಟು ಚಳಿ, ಕೆನಡಾದ ಹವಾಮಾನ ಇಲಾಖೆ ಪಟ್ಟಿನ್ಯಾಗೇ ಐತಿ. ಮೈನಸ್ 5 ಇದ್ರ ಮೈನಸ್ 12. ನಡಕೊಂತ ಹೋಗೋರಿಗೆ ಸಾಕಾಗೋ ಶೂ ಸೈಕಲ್ಲಿಗೆ ಸಾಕಾಗೂದಿಲ್ಲ ಅನ್ನೋದು ಇದಕ್ಕ. ಮ್ಯಾಲೆ ನಡಿಯೋರ ಬೆರಳು ಪ್ರತಿ ಹೆಜ್ಜಿಗೂ ಬಾಗ್ತಾವ, ರಕ್ತ ಓಡ್ತೈತಿ. ಸೈಕಲ್ ಮ್ಯಾಲೆ ತೊಡಿ ದುಡೀತೈತಿ, ಬೆರಳು ಸತ್ತಂಗ ಕುಂತಿರ್ತಾವ. ಜೋಮು ಹಿಡಿಯಾಕ ಹತ್ತಿದ ಕೂಡ್ಲೆ ಇಳದು ಎರಡು ನೂರು ಮೀಟರ್ ಸೈಕಲ್ ತಳ್ಕೊಂಡು ನಡಿ, ಬೆರಳ ಮ್ಯಾಲೆ ಒತ್ತಿ ಒತ್ತಿ ನಡಿ. ನಾಚಿಕಿ ಏನಿಲ್ಲ, ನಾ ಈಗಲೂ ಮಾಡ್ತೀನಿ.

2019ರ ಜನವರಿ 30ಕ್ಕ ಇಲ್ಲಿ ಮೈನಸ್ 33 ಆಗಿತ್ತು. ಅವತ್ತು ನಾ ಸೈಕಲ್ ಮುಟ್ಟಲಿಲ್ಲ. ಆದ್ರ ಅದರ ಹಿಂದುಮುಂದಿನ ದಿನ ಮೈನಸ್ 25ರಾಗ ಹೋಗೀನಿ, ಉಣ್ಣಿ ಸಾಕ್ಸ್ ಒಂದು, ಒಳಗ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣಿ ಬಟ್ಟಿ) ಇರೋ ದೊಡ್ಡ ಬೂಟು, ಪ್ಲಾಸ್ಟಿಕ್ ಪೆಡಲು. ಅಷ್ಟು ಚಳಿಯೊಳಗ ಪೆಡಲಿನ ಒಳಗಿನ ಗ್ರೀಸ್ ಗಟ್ಟಿ ಆಗಿ ಕೈಲಿ ತಿರುಗಿಸಿದ್ರ ಜೇನುತುಪ್ಪದಾಗ ಚಮಚ ತಿರುವಿದಂಗ ಆಗ್ತೈತಿ, ಹತ್ತು ನಿಮಿಷ ತುಳದ ಮ್ಯಾಲೆ ಸರಿ ಹೋಗ್ತೈತಿ.

ಇನ್ನೊಂದು, ಪಾದಕ್ಕ ಚಳಿ ಆದ್ರ ಪಾದಾನ ನೋಡಬ್ಯಾಡ. ಮೊಣಕಾಲು ಮೀನಖಂಡ ಬರೇ ತೆಳು ಪ್ಯಾಂಟಿನ್ಯಾಗ ಇದ್ರ ರಕ್ತ ಪಾದಕ್ಕ ಬರೋದ್ರಾಗ ತಣ್ಣಗಾಗಿರ್ತೈತಿ. ಪ್ಯಾಂಟಿನ ಒಳಗೊಂದು ಥರ್ಮಲ್ ಹಾಕು, ತಲಿಗೆ ಟೊಪ್ಪಿಗಿ ಹಾಕು, ಪಾದ ತಾನೇ ಬೆಚ್ಚಗಾಗ್ತಾವ.

ಶಾಂತಲಾ_ಸೈಕಲ್ (ಒಟ್ಟಾವ)

ನನಗೆ ಬೆರಳು ಬೆಳ್ಳಗಾಗಿ ನೀಲಿಯಾಗಿ ಆಮೇಲೆ ಕೆಂಪಾಗೋ ತೊಂದ್ರೆ ಇದೆ, ರೇನಾಡ್ಸ್ ಅಂತಾರೆ ಡಾಕ್ಟ್ರು. ಫ್ರಿಡ್ಜಿಂದ ಪಾತ್ರೆ ತೆಗೆದ್ರೂ ಕೈಬೆರಳಿಗೆ ಬರತ್ತೆ. ಹಾಸನದ ತಮ್ಮ ಬರೆದಿದ್ದು ಓದಿ ಬರೀಲೇಬೇಕು ಅನ್ನಿಸ್ತು. ಸ್ವಲ್ಪ ಚಳಿಗೇ ಪದೇ ಪದೇ ಹಿಂಗೆ ಬೆಳ್ಳಗಾಗ್ತಿದ್ರೆ ಒಂದ್ಸಲ ಡಾಕ್ಟರಿಗೆ ತೋರಿಸಿ, ಶೂ ಪೆಡಲ್ ಬದಲಾಯಿಸಿ ಸುಮ್ಮನಾಗಬೇಡಿ.

ಮತ್ತೆ ಮರಗಟ್ಟಿದ ಕಾಲಿಗೆ ನಲ್ಲಿ ಬಿಸಿನೀರು ಸೀದಾ ಬಿಡಬೇಡಿ ದಯವಿಟ್ಟು. ಚರ್ಮಕ್ಕೆ ಬಿಸಿ ಗೊತ್ತಾಗ್ತಿರಲ್ಲ, ಸುಟ್ಟಿದ್ದೂ ಗೊತ್ತಾಗಲ್ಲ. ಹೀಟರ್ ಮೇಲೂ ಇಡಬೇಡಿ, ಉಜ್ಜಲೂಬೇಡಿ. 37ರಿಂದ 40 ಡಿಗ್ರಿ ಉಗುರುಬೆಚ್ಚಗಿನ ನೀರು, ಮೊಣಕೈ ಅದ್ದಿ ನೋಡಿ, ಮಗೂಗೆ ಸ್ನಾನ ಮಾಡ್ಸೋ ನೀರಿನಷ್ಟು. ಅಷ್ಟಾದ್ರೂ ಬಣ್ಣ ಬರ್ಲಿಲ್ಲ, ಒತ್ತಿದ್ರೆ ಗಟ್ಟಿ ಇದೆ, ಗುಳ್ಳೆ ಎದ್ದಿದೆ ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ಬಿಸಿ ಪ್ಯಾಕೆಟ್ ಬರ್ತದಲ್ಲ, ಬೆರಳ ಮೇಲೆ ಅಂಟಿಸೋದು, ಅದರಲ್ಲಿರೋದು ಕಬ್ಬಿಣದ ಪುಡಿ, ಗಾಳಿ ತಾಕಿ ತುಕ್ಕು ಹಿಡಿಯುವಾಗ ಬಿಸಿ ಬರತ್ತೆ. ಬಿಗಿ ಶೂ ಒಳಗೆ ಗಾಳಿ ಸಿಗದೆ ತಣ್ಣಗಾಗ್ಬಿಡತ್ತೆ, ಸಡಿಲ ಬೂಟಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ. ಹೊರಡೋ ಹತ್ತು ನಿಮಿಷ ಮುಂಚೆ ಕವರ್ ಹರಿದು ಹೊರಗಿಡಿ.

ಹಾಸನದವನು (ಟೊರಾಂಟೊ)

ಅಕ್ಕ ತುಂಬಾ ಥ್ಯಾಂಕ್ಸ್, ನಾನು ನಿಜವಾಗ್ಲೂ ಹೊಗೆ ಆಡೋ ಅಷ್ಟು ಬಿಸಿನೀರು ಬಿಟ್ಕೊಂಡಿದ್ದೆ. ನನಗೆ ಮುಂಚೆ ಯಾವತ್ತೂ ಹಿಂಗೆ ಆಗಿಲ್ಲ, ಆದ್ರೂ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೆ, ಮೊಣಕೈನೂ ತೋರಿಸ್ತೀನಿ.

ಸಾದಾ ಪೆಡಲ್ಲೇ ಅಂತ ತೀರ್ಮಾನ ಮಾಡಿದೀನಿ. ಎರಡು ಅನುಮಾನ. ಲೋಹದ್ದು ಬೇಡ ಪ್ಲಾಸ್ಟಿಕ್ಕೇ ಅಂತ ಯಾಕೆ? ಮತ್ತೆ ಶೂ ಇನ್‌ಸೋಲ್ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಹಾಕಿದ್ರೆ ಬೆಚ್ಚಗಿರತ್ತೆ ಅಂತ ಒಬ್ರು ಹೇಳಿದ್ರು, ನಿಜಾನಾ?

ಚಾಮುಂಡಿಪುರಂ ರಿಪೇರಿ (ಟೊರಾಂಟೊ)

ಭಾನುವಾರ ಒಂದು ಸೈಕಲ್ ರಿಪೇರಿ ಜಾಗದಲ್ಲಿ ಕೈಲಾದಷ್ಟು ಕೆಲ್ಸ ಮಾಡ್ತೀನಿ ಕಣ್ರೀ, ಚಳಿಗಾಲ ಮುಗಿದ್ಮೇಲೆ ಬರೋ ಸೈಕಲ್‌ಗಳ ಪಾಡು ನೋಡಿ ನೋಡಿ ಸಾಕಾಗಿದೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ಫಾಯಿಲ್ ಬೇಡ. ಅದು ಲೋಹ, ಕಾಲಿಗೂ ಸೋಲಿಗೂ ಮಧ್ಯೆ ಒತ್ತಿ ಕೂತಾಗ ಬಿಸಿ ತಡೆಯೋಕೆ ಅದರ ಕೈಲಿ ಆಗಲ್ಲ. ಮನೇಲಿ ಹಳೇ ಯೋಗ ಮ್ಯಾಟ್ ಇದ್ರೆ ಇನ್‌ಸೋಲ್ ಅಳತೆಗೆ ಪೆನ್ನಲ್ಲಿ ಗೆರೆ ಹಾಕಿ ಕತ್ತರಿಸಿ ಕೆಳಗೆ ಹಾಕಿ, ಇಲ್ಲಾ ಫೆಲ್ಟ್ ಇನ್‌ಸೋಲ್ ತಗೊಳ್ಳಿ. ಆದ್ರೆ ಬೂಟಲ್ಲಿ ಜಾಗ ಇದ್ರೆ ಮಾತ್ರ, ಬಿಗಿ ಆಗೋ ಹಂಗಿದ್ರೆ ಅದೂ ಬೇಡ. ಕ್ಲೀಟ್ ಶೂ ಅಂತೂ ತಳದಲ್ಲಿ ಬೋಲ್ಟ್ ತೂತು ಇರತ್ತೆ, ನೀರೂ ಗಾಳೀನೂ ಅಲ್ಲಿಂದಾನೇ ನುಗ್ಗತ್ತೆ, ಕ್ಲೀಟ್ ಶೂನೇ ಹಾಕೋರು ಇನ್‌ಸೋಲ್ ಎತ್ತಿ ಆ ಜಾಗಕ್ಕೆ ಗಟ್ಟಿ ಟೇಪ್ ಅಂಟಿಸಿ.

ಪ್ಲಾಸ್ಟಿಕ್ ಪೆಡಲ್ ಯಾಕೆ ಅಂದ್ರೆ, ದಪ್ಪ ಸೋಲಿನ ಬೂಟ್ ಇದ್ರೆ ಚಳಿ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅನ್ನೋದು ನನ್ನ ಅನುಭವ. ನನಗೆ ಅದು ಇಷ್ಟ ಆಗೋದು ಉಪ್ಪಿಗೆ ಹೆದರಲ್ಲ ಅನ್ನೋ ಕಾರಣಕ್ಕೆ, ಬೆಲೆ ಕಡಿಮೆ. ತಗೊಳ್ಳುವಾಗ ಮಧ್ಯೆ ತೆರೆದಿರೋದು ನೋಡಿ, ಹಿಮ ತುಳಿದಾಗ ಕೆಳಗೆ ಉದುರಿ ಹೋಗ್ಬೇಕು. ಅಗಲ 10 ಸೆಂಟಿಮೀಟರಿಗೆ ಕಮ್ಮಿ ಬೇಡ, ಬೂಟು ಅಗಲ ಇರತ್ತೆ, ಸಣ್ಣ ಪೆಡಲಲ್ಲಿ ಹಿಮ್ಮಡಿ ಹೋಗಿ ಕ್ರ್ಯಾಂಕಿಗೆ (ಪೆಡಲ್ ಕೂರೋ ತೋಳು) ಉಜ್ಜತ್ತೆ.

ಈಗ ಮುಖ್ಯವಾದ ಮಾತು. ಪೆಡಲ್ ಬದಲಾಯಿಸುವಾಗ ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡು. ಎರಡೂ ಕಡೆ ಪೆಡಲ್ ಮುಂದಕ್ಕೆ, ಚಕ್ರ ಉರುಳೋ ದಿಕ್ಕಿಗೆ ತಿರುಗಿಸಿದ್ರೆ ಬಿಗಿ, ಹಿಂದಕ್ಕೆ ತಿರುಗಿಸಿದ್ರೆ ಸಡಿಲ ಅಂತ ನೆನಪಿಟ್ಕೊಂಡ್ರೆ ಸಾಕು. 15 ಮಿಲಿಮೀಟರಿನ ತೆಳು ಸ್ಪ್ಯಾನರ್, ಇಲ್ಲಾ ಒಳಗಡೆಯಿಂದ 6 ಅಥವಾ 8 ಮಿಲಿಮೀಟರಿನ ಅಲೆನ್ ಕೀ ಬೇಕು. ಹೊಸದನ್ನ ಹಾಕುವಾಗ ಥ್ರೆಡ್ ತುಂಬ ಗ್ರೀಸ್ ಹಚ್ಚಿ, ಬೆರಳಲ್ಲೇ ನಾಲ್ಕು ಸುತ್ತು ಹೋಗ್ಬೇಕು, ಅಡ್ಡ ಕೂತ್ರೆ ಕ್ರ್ಯಾಂಕ್ ಹಾಳು. ಗ್ರೀಸ್ ಹಚ್ಚದೆ ಬಿಟ್ರೆ ಸ್ಟೀಲ್ ಪೆಡಲ್ ಕಡ್ಡೀನೂ ಅಲ್ಯೂಮಿನಿಯಂ ಕ್ರ್ಯಾಂಕೂ ಉಪ್ಪುನೀರಲ್ಲಿ ಒಂದಕ್ಕೊಂದು ಕಚ್ಕೊಂಡು ಏಪ್ರಿಲಲ್ಲಿ ಬಿಚ್ಚೋಕೆ ಹೋದ್ರೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಹೋದ ವಸಂತದಲ್ಲಿ ಒಬ್ಬ ಹುಡುಗನ ಸೈಕಲ್ಲಿಗೆ ಒಂದು ಮೀಟರ್ ಪೈಪ್ ಹಾಕಿ ಇಬ್ರು ಜಗ್ಗಿದ್ವಿ, ಕೊನೆಗೆ ಕ್ರ್ಯಾಂಕ್ ಸಮೇತ ಬದಲಾಯಿಸ್ಬೇಕಾಯ್ತು. ಪಾಪ ಅವನ ಮುಖ ನೋಡೋಕಾಗ್ಲಿಲ್ಲ.

ಇನ್ನೆರಡು ಚಿಕ್ಕ ವಿಷ್ಯ. ಬೂಟಿನ ಸೋಲ್ ಈಗಿನ ಶೂಗಿಂತ ಒಂದು ಸೆಂಟಿಮೀಟರ್ ದಪ್ಪ ಇದ್ರೆ ಸೀಟೂ ಅಷ್ಟೇ ಮೇಲೆ ಎತ್ತಿ, ಇಲ್ಲಾಂದ್ರೆ ಮಂಡಿ ನೋವು ಬರತ್ತೆ. ದೊಡ್ಡ ಬೂಟು ಹಾಕ್ಕೊಂಡು ಒಂದ್ಸಲ ಹ್ಯಾಂಡಲ್ ತಿರುಗಿಸಿ ನೋಡಿ, ಮೂತಿ ಹೋಗಿ ಮುಂದಿನ ಮಡ್‌ಗಾರ್ಡಿಗೆ ತಗುಲತ್ತಾ ಅಂತ. ಚಿಕ್ಕ ಫ್ರೇಮಲ್ಲಿ ತಗುಲತ್ತೆ. ಮನೆ ಅಂಗಳದಲ್ಲೇ ಗೊತ್ತಾದ್ರೆ ಒಳ್ಳೇದು.

ಪುತ್ತೂರಿನ ಅಕ್ಕ (ಎಸ್ಪೊ, ಫಿನ್‌ಲ್ಯಾಂಡ್)

ಪಿನ್ ಪೆಡಲ್ ಹಾಕುವವರು ಸೋಲ್ ಮೆತ್ತನೆ ರಬ್ಬರಿನದ್ದು ನೋಡಿ ತೆಗೀರಿ. ಕೆಲವು ಬೂಟಿನ ಸೋಲು ಚಳಿಗೆ ಕಲ್ಲಿನ ಹಾಗೆ ಗಟ್ಟಿ ಆಗ್ತದೆ, ಪೆಡಲ್ ಮೇಲೂ ಜಾರ್ತದೆ, ಇಳಿದಾಗ ನೆಲದ ಮೇಲೂ ಜಾರ್ತದೆ. ಇಲ್ಲಿ ತಳದಲ್ಲಿ ಮೊಳೆ ಇರುವ ಬೂಟು ಸಿಗ್ತದೆ, ಮಂಜುಗಡ್ಡೆ ಮೇಲೆ ನಡೀಲಿಕ್ಕೆ ಬಹಳ ಒಳ್ಳೇದು, ಆದ್ರೆ ಲೋಹದ ಪೆಡಲ್ ಮೇಲೆ ಇಟ್ರೆ ಲೋಹಕ್ಕೆ ಲೋಹ ತಾಗಿ ಸರ್ರ್ ಅಂತ ಜಾರ್ತದೆ. ಮೊಳೆ ಬೇಕಾದ್ದು ಟೈರಿಗೆ. ಆ ಮೊಳೆ ಇರುವ ಟೈರು ಮಾತ್ರ ಖಂಡಿತ ಹಾಕಿ, ಎಂತ ಬೂಟು ಎಂತ ಪೆಡಲು ಇದ್ರೂ ಚಕ್ರವೇ ಜಾರಿದ್ರೆ ಎಂತ ಮಾಡುವುದು.

ಪ್ಯಾಂಟಿನ ಕಾಲು ಬೂಟಿನ ಹೊರಗೆ ಬರ್ಬೇಕು, ಒಳಗೆ ಸಿಕ್ಕಿಸಿದ್ರೆ ನೀರೆಲ್ಲ ಇಳಿದು ಬೂಟಿನ ಒಳಗೇ ಹೋಗ್ತದೆ. ಚೈನ್ ಕಡೆಗೆ ಮಾತ್ರ ಒಂದು ಪಟ್ಟಿ ಕಟ್ಟಿ.

ಮಲ್ನಾಡ್ ಹುಡುಗಿ (ಟೊರಾಂಟೊ)

ಒಂದು ಮರೆತಿದ್ದೆ!! ಇಲ್ಲಿ ಒಂಟಾರಿಯೊದಲ್ಲಿ ಹಾಲು ನಮ್ಮ ನಂದಿನಿ ತರ ಕವರಲ್ಲಿ ಬರತ್ತಲ್ಲ, ಮೂರು ಪ್ಯಾಕೆಟ್ ಸೇರಿ 4 ಲೀಟರ್, ಆ ಮೂರನ್ನ ತುಂಬಿರೋ ಹೊರಗಿನ ದೊಡ್ಡ ಕವರ್ ಬಿಸಾಕಬೇಡಿ. ರಾಡಿ ಜಾಸ್ತಿ ಇರೋ ದಿನ ಸಾಕ್ಸ್ ಮೇಲೆ ಆ ಕವರ್ ಹಾಕಿ ಬೂಟು ಹಾಕಿದ್ರೆ ಒಂದು ಹನಿ ಒಳಗೆ ಬರಲ್ಲ. ಅರ್ಧ ಗಂಟೆ ದಾರಿಗೆ ಸಾಕು, ಅದಕ್ಕಿಂತ ಜಾಸ್ತಿ ಹೊತ್ತು ಇದ್ರೆ ಒಳಗಿನ ಬೆವರಿಗೇ ಸಾಕ್ಸ್ ತೊಯ್ಯತ್ತೆ. ಆಫೀಸಲ್ಲಿ ಒಂದು ಜೊತೆ ಒಣ ಸಾಕ್ಸ್, ಒಂದು ಜೊತೆ ಮಾಮೂಲಿ ಶೂ ಇಟ್ಟಿರಿ. ಬೂಟಿಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿಟ್ರೆ ಸಾಯಂಕಾಲಕ್ಕೆ ಒಣಗಿರತ್ತೆ, ಮಧ್ಯಾಹ್ನ ಊಟದ ಹೊತ್ತಲ್ಲಿ ಒಂದ್ಸಲ ಪೇಪರ್ ಬದಲಾಯಿಸಿ.

ವಿಜಯನಗರದಿಂದ (ಬೆಂಗಳೂರು)

ನಾನು ಜನವರೀಲಿ ವಾಟರ್ಲೂಗೆ ಓದೋಕೆ ಬರ್ತಿದೀನಿ, ಯೂನಿವರ್ಸಿಟಿಗೆ 4 ಕಿಲೋಮೀಟರ್ ದೂರದಲ್ಲಿ ರೂಮ್ ಸಿಕ್ಕಿದೆ, ಸೈಕಲ್ಲೇ ಅನ್ಕೊಂಡಿದೀನಿ. ಇಲ್ಲಿಂದಾನೇ ಬೂಟು ತಗೊಂಡು ಬರ್ಲಾ? ಇಲ್ಲಿ ಟ್ರೆಕ್ಕಿಂಗ್ ಶೂ ಒಂದಿದೆ, ಕುಮಾರಪರ್ವತ ಎಲ್ಲಾ ಹತ್ತಿದೀನಿ ಅದ್ರಲ್ಲಿ.

ಚಾಮುಂಡಿಪುರಂ ರಿಪೇರಿ (ಟೊರಾಂಟೊ)

ಬೂಟು ತರಬೇಡಪ್ಪ, ಸೂಟ್‌ಕೇಸ್ ತೂಕ ದಂಡ. ಇಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡೀಲಿ 30-40 ಡಾಲರಿಗೆ ಒಳ್ಳೊಳ್ಳೆ ಚಳಿ ಬೂಟು ಸಿಗತ್ತೆ, ದಪ್ಪ ಸಾಕ್ಸ್ ಹಾಕ್ಕೊಂಡೇ ಹೋಗಿ ಕಾಲಿಗೆ ಹಾಕಿ ನೋಡಿ ತಗೋ. ಅದೂ ಸಂಜೆ ಹೊತ್ತಲ್ಲಿ ಹೋಗು, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರತ್ತೆ. ಟ್ರೆಕ್ಕಿಂಗ್ ಶೂ ಹಾಕ್ಕೊಂಡೇ ಬಾ, ದಪ್ಪ ಸಾಕ್ಸಲ್ಲಿ ಬಿಗಿ ಆಗ್ಲಿಲ್ಲ ಅಂದ್ರೆ ಸೊನ್ನೆ ಆಸುಪಾಸಿನ ದಿನಕ್ಕೆ ಅದೇ ಸಾಕು. 4 ಕಿಲೋಮೀಟರ್ ಅಂದ್ರೆ ಕಾಲು ಗಂಟೆ. ಮೊದಲ ಎರಡು ವಾರ ಸೈಕಲ್ ತಗೋಬೇಡ, ಬಸ್ಸಲ್ಲಿ ಓಡಾಡಿ ರಸ್ತೆ ನೋಡ್ಕೋ.

ಹಾಸನದವನು (ಟೊರಾಂಟೊ)

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಡಾಕ್ಟ್ರು ಬೆರಳಿಗೆ ಏನೂ ಆಗಿಲ್ಲ ಅಂದ್ರು, ಮೊಣಕೈ ಮೂಳೆನೂ ಸರಿ ಇದೆ. ನೈಲಾನ್ ಪೆಡಲ್ ತಗೊಂಡೆ, 55 ಡಾಲರ್. ರಿಪೇರಿ ಅಣ್ಣ ಹೇಳಿದ ಹಂಗೆ ಗ್ರೀಸ್ ಹಚ್ಚಿ ನಾನೇ ಹಾಕಿದೆ, ಎಡಗಡೇದು ಹಳೇದು ಬಿಚ್ಚೋಕೆ ಅರ್ಧ ಗಂಟೆ ಆಯ್ತು. ಬೂಟು ಸೆಕೆಂಡ್ ಹ್ಯಾಂಡು, 45 ಡಾಲರ್, ಒಂದು ನಂಬರ್ ದೊಡ್ಡದು, ಒಳಗೆ ಫೆಲ್ಟ್ ಲೈನರ್ ಹೊರಗೆ ತೆಗೆಯೋಕೆ ಬರತ್ತೆ. ಮೆರಿನೊ ಸಾಕ್ಸ್ ಎರಡು ಜೊತೆಗೆ 40 ಆಯ್ತು, ಅದು ಸ್ವಲ್ಪ ಜಾಸ್ತಿ ಅನ್ನಿಸ್ತು ಆದ್ರೂ ತಗೊಂಡೆ. ಕ್ಯಾನ್ ಕತ್ತರಿಸಿ ಮಡ್‌ಗಾರ್ಡಿಗೆ ಕಟ್ಟಿದೀನಿ. ಮಿಕ್ಕಿದ್ದು 10 ಡಾಲರ್, ಮೊಳೆ ಟೈರಿಗೆ ಮುಂದಿನ ತಿಂಗಳು ಸಂಬಳ ಬರ್ಲಿ.

ಮೊದಲ ಎರಡು ದಿನ ಕಾಲು ಪೆಡಲಿಂದ ಎದ್ದೆದ್ದು ಹೋಗ್ತಿತ್ತು, ಕ್ಲಿಪ್ ಅಭ್ಯಾಸಕ್ಕೆ ಮೇಲಕ್ಕೆ ಎಳೀತಿದ್ನಲ್ಲ. ಮೂರನೇ ದಿನಕ್ಕೆ ಸರಿ ಹೋಯ್ತು. ಹತ್ತಿರ ಹತ್ತಿರ ನಾಲ್ಕು ನಿಮಿಷ ಜಾಸ್ತಿ ತಗೊಳ್ತಿದೀನಿ, ತಗೊಳ್ಲಿ.

ಇವತ್ತು ಬೆಳಗ್ಗೆ ಮೈನಸ್ 11 ಇತ್ತು, ಲೇಕ್ ಮೇಲಿಂದ ಹಬೆ ಏಳ್ತಿತ್ತು. ಬಿಳಿ ಸೇತುವೆ ಹತ್ರ ಇಳಿದು ತಳ್ಕೊಂಡೇ ದಾಟಿದೆ. ಸ್ಪಡೈನಾ ಸಿಗ್ನಲಲ್ಲಿ ಕಾಲು ಊರಿ ನಿಂತಾಗ ಬೂಟೊಳಗೆ ಬೆರಳು ಆಡಿಸಿ ನೋಡಿದೆ, ಹತ್ತೂ ಆಡ್ತಿತ್ತು.

ಗದಗಿನ ಸವಾರ (ಮಿನಿಯಾಪೊಲಿಸ್)

ಭಾಳ ಚೊಲೊ ಆತು ತಮ್ಮಾ! ಆ ಫೆಲ್ಟ್ ಲೈನರ್ ದಿನಾ ರಾತ್ರಿ ಹೊರಗ ತಗದು ಒಣಗಿಸು, ಬೂಟಿನ್ಯಾಗ ಬಿಟ್ಟಿ ಅಂದ್ರ ಒಳಗ ಪಸಿ ಉಳಿತೈತಿ. ಹೀಟರ್ ಮ್ಯಾಲೆ ಇಡಬ್ಯಾಡ, ಪಕ್ಕಕ್ಕ ಇಡು. ಮುಂದಿನ ಟೈರ್ ಮೊದಲ ಹಾಕಿಸು, ಹಿಂದಿಂದು ಆಮ್ಯಾಲೆ ಆದ್ರೂ ನಡಿತೈತಿ.

ಉದ್ದದಾರಿ (ಶಿಕಾಗೊ)

ಖುಷಿ ಆಯ್ತು. ಆ ಕ್ಲಿಪ್ ಪೆಡಲ್ ಮಾರಬೇಡಿ, ಒರೆಸಿ ಎಣ್ಣೆ ಹಚ್ಚಿ ಬಟ್ಟೇಲಿ ಸುತ್ತಿಡಿ, ಏಪ್ರಿಲಲ್ಲಿ ಬೇಕಾಗತ್ತೆ.